ರೋಮಿನ ಬಸ್ಸಿನಲ್ಲಿ ನಾನೂ ಅತ್ತೆಯೂ

ಎಂಬತ್ತರ ದಶಕದ ಮೊದಲ ವರ್ಷಗಳು. ತರೀಕೆರೆಯ ಕೊಬ್ಬರಿ ಮಂಡಿಯವರ ಮನೆಗೆ ನಾನು ಸೊಸೆಯಾಗಿ ಬಂದು ಎರಡು ವರ್ಷವಾಗಿತ್ತು. ನನ್ನ ತವರು ಹಿರೇನಲ್ಲೂರು. ಬಿ.ಎಸ್ಸಿ., ಆಮೇಲೆ ಬಿ.ಎಡ್. ಮಾಡಿಕೊಂಡಿದ್ದೆ. ನಾದಿನಿಯ ಗಂಡ ರೋಮಿನಲ್ಲಿ ನಮ್ಮ ದೇಶದ ದೂತಾವಾಸದಲ್ಲಿ ಗುಮಾಸ್ತರಾಗಿದ್ದರು. ಅಲ್ಲೇ ಅವಳಿಗೆ ಹೆರಿಗೆಯಾಗುವುದಿತ್ತು. ಬಾಣಂತನಕ್ಕೆ ಅಮ್ಮ ಬರಲೇಬೇಕು ಎಂದು ಅವಳು ಕಾಗದದ ಮೇಲೆ ಕಾಗದ ಬರೆದಳು. ಅತ್ತೆ ಅಲ್ಲಿಯವರೆಗೆ ಶಿವಮೊಗ್ಗಕ್ಕೂ ಒಬ್ಬರೇ ಹೋದವರಲ್ಲ. ಮಾವನೂ ನನ್ನ ಗಂಡನೂ ಮಂಡಿ ಬಿಟ್ಟು ಹೊರಡುವ ಹಾಗಿರಲಿಲ್ಲ. ಮನೆಯಲ್ಲಿ ಇಂಗ್ಲಿಷ್ ಬರುತ್ತಿದ್ದುದು ನನಗೆ. ಹೀಗೆ ನಾನು ರೋಮ್ ನೋಡುವಂತಾಯಿತು.

ಹೊರಡುವಾಗ ನನಗೆ ಅಂಥ ಉತ್ಸಾಹವೇನೂ ಇರಲಿಲ್ಲ. ಆರು ತಿಂಗಳ ಹಿಂದೆ ಅಜ್ಜಂಪುರದ ಒಂದು ಹೈಸ್ಕೂಲಿನಿಂದ ನನಗೆ ನೇಮಕದ ಪತ್ರ ಬಂದಿತ್ತು. "ನಮ್ಮನೇಲಿ ಸೊಸೆಯಂದಿರು ಕೆಲ್ಸಕ್ಕೆ ಹೋಗೋ ಪದ್ಧತಿ ಇಲ್ಲ" ಎಂದು ಮಾವ ಊಟದ ನಡುವೆ ಒಂದೇ ಮಾತು ಹೇಳಿ ಮುಗಿಸಿಬಿಟ್ಟರು. ನಾನು ಪತ್ರವನ್ನು ಟ್ರಂಕಿನ ತಳಕ್ಕೆ ಹಾಕಿದೆ. ಅಂದಿನಿಂದ ಮನೆಯಲ್ಲಿ ಕೇಳಿದ್ದಕ್ಕೆ ಉತ್ತರ, ಅಷ್ಟೇ. ಅತ್ತೆಯೂ ಹೆಚ್ಚು ಮಾತಿನವರಲ್ಲ ಎಂದುಕೊಂಡಿದ್ದೆ. ನಮ್ಮ ಅಡುಗೆಮನೆಗೂ ಮಂಡಿಗೂ ನಡುವೆ ಬರೀ ಹಲಗೆಯ ಗೋಡೆ. ಒಂದು ಸ್ವರ ಏರಿಸಿದರೆ ಆ ಕಡೆ ಕಾಯಿ ತಂದು ಕೂತ ರೈತರಿಗೆಲ್ಲ ಕೇಳುತ್ತಿತ್ತು. ಹಾಗಾಗಿ ಆ ಮನೆಯ ಹೆಂಗಸರು ತಲೆಮಾರುಗಳಿಂದ ಪಿಸುಮಾತಿನಲ್ಲೇ ಸಂಸಾರ ಮಾಡಿದ್ದರು.

ರೋಮಿನಲ್ಲಿ ಮೊದಲ ಎರಡು ತಿಂಗಳು ಬಾಣಂತಿಗೆ ಎಣ್ಣೆ ನೀರು, ಮಗುವಿಗೆ ಸಾಂಬ್ರಾಣಿ ಹೊಗೆ ಹಾಕುವುದರಲ್ಲೇ ಕಳೆಯಿತು. ಮೇ ತಿಂಗಳು ಬಂತು. ವಾಪಸ್ಸು ಹೊರಡಲು ಒಂದು ವಾರ ಉಳಿದಾಗ ನಾದಿನಿಯೇ ನಮ್ಮನ್ನು ಹೊರಗೆ ದಬ್ಬಿದಳು. "ಇಷ್ಟು ದೂರ ಬಂದು ಊರೇ ನೋಡ್ದೆ ಹೋದ್ರೆ ಜನ ನಗ್ತಾರೆ ಕಣಮ್ಮ" ಎಂದಳು. ಬಸ್ಸಿನ ನಂಬರುಗಳನ್ನು ಒಂದು ಚೀಟಿಯಲ್ಲಿ ಬರೆದುಕೊಟ್ಟಳು. ಅತ್ತೆ ಇಳಕಲ್ ಸೀರೆಯ ಮೇಲೆ ಅಳಿಯನ ಉಣ್ಣೆಯ ಕೋಟು ತೊಟ್ಟರು. ಚಪಾತಿ, ಚಟ್ನಿಪುಡಿ ಗಂಟು ಕಟ್ಟಿಕೊಂಡೆವು.

ಮೊದಲು ಹೋದದ್ದು ಕೊಲೋಸಿಯಮ್ಮಿಗೆ. ಅತ್ತೆ ಕತ್ತೆತ್ತಿ ಬಹಳ ಹೊತ್ತು ನೋಡಿದರು. "ಇದ್ರೊಳಗೆ ಏನ್ ನಡೀತಿತ್ತು?" ಎಂದು ಕೇಳಿದರು. ಮನುಷ್ಯರನ್ನು ಮನುಷ್ಯರ ಮೇಲೆ, ಸಿಂಹಗಳ ಮೇಲೆ ಕಾದಾಡಲು ಬಿಡುತ್ತಿದ್ದರು, ಊರಿನ ಜನವೆಲ್ಲ ಕೂತು ನೋಡುತ್ತಿದ್ದರು ಎಂದೆ.

"ಸಾಯೋದನ್ನ ನೋಡಕ್ಕೇಂತ ಕಟ್ಟಿಸಿದ್ದಾ?"

"ಹೌದತ್ತೆ."

"ಹಂಗಾದ್ರೆ ನಾನು ಒಳಗೆ ಬರಲ್ಲ. ನೀನು ಬೇಕಾದ್ರೆ ನೋಡ್ಕಂಡು ಬಾ."

ಬಂದ ಸಾವಿರಾರು ಪ್ರವಾಸಿಗರಲ್ಲಿ ಹೀಗೆ ಬಾಗಿಲಲ್ಲೇ ನಿಂತವರು ಅವರೊಬ್ಬರೇ ಇರಬೇಕು. ನನಗೆ ಒಳಗೆ ಹೋಗುವ ಆಸೆಯಿತ್ತು, ಹೋಗಿ ನೋಡಿ ಬಂದೆ. ಅಷ್ಟರಲ್ಲಿ ಅವರು ಹೊರಗೆ, ರಸ್ತೆಬದಿಯ ನಲ್ಲಿಯೊಂದರ ಹತ್ತಿರ ನಿಂತಿದ್ದರು. ಆ ಊರಿನಲ್ಲಿ ಹೆಜ್ಜೆಹೆಜ್ಜೆಗೂ ಸೊಂಟದೆತ್ತರದ ಕಬ್ಬಿಣದ ಕಂಬಗಳಿಂದ ಕುಡಿಯುವ ನೀರು ಹಗಲೂ ರಾತ್ರಿ ಸುರಿಯುತ್ತಲೇ ಇರುತ್ತದೆ. ಅತ್ತೆ ಕೈಕಾಲು ತೊಳೆದು, ಮುಖ ತೊಳೆದು, ಬೊಗಸೆಯಲ್ಲಿ ಕುಡಿದು, "ಇದು ಮಾತ್ರ ಒಳ್ಳೇ ಕೆಲ್ಸ ಮಾಡವ್ರೆ" ಎಂದು ಊರಿಗೆ ಸರ್ಟಿಫಿಕೇಟ್ ಕೊಟ್ಟರು.

ಮರುದಿನ ಬಸ್ಸಿನಲ್ಲಿ ಹೊಸದೊಂದು ವಿಷಯ ಗೊತ್ತಾಯಿತು. ನಾವಿಬ್ಬರೂ ಅಕ್ಕಪಕ್ಕ ಕೂತಿದ್ದೆವು. ಎದುರಿಗೆ ಒಬ್ಬ ದಪ್ಪನೆಯ ಮನುಷ್ಯ ಪೇಪರು ಓದುತ್ತಿದ್ದ. ಅತ್ತೆ ಎಂದಿನಂತೆ ನನ್ನ ಕಿವಿಗೆ ಬಾಯಿಟ್ಟು ಏನೋ ಹೇಳಲು ಹೊರಟವರು ನಿಲ್ಲಿಸಿದರು.

"ಇವ್ನಿಗೆ ನಮ್ಮ ಮಾತು ತಿಳಿಯಲ್ಲ ಅಲ್ವೇನೇ?"

"ಇಡೀ ಬಸ್ಸಲ್ಲಿ ಯಾರಿಗೂ ತಿಳಿಯಲ್ಲ ಅತ್ತೆ."

ಅವರು ಸುತ್ತಲೂ ನೋಡಿದರು. ಆಮೇಲೆ ಮಾಮೂಲಿ ಸ್ವರದಲ್ಲಿ, ಅಲ್ಲ, ಸ್ವಲ್ಪ ಗಟ್ಟಿಯಾಗಿಯೇ, "ನಿಮ್ಮಾವನ ಗೊರಕೆಗೆ ಮೂವತ್ತೆರಡು ವರ್ಷದಿಂದ ನಾನು ನೆಟ್ಟಗೆ ನಿದ್ದೆ ಮಾಡಿಲ್ಲ ಕಣೇ!" ಎಂದರು. ಎದುರಿನವನು ಪೇಪರಿನಿಂದ ಕಣ್ಣೆತ್ತಲಿಲ್ಲ. ಅತ್ತೆಗೆ ನಗು ತಡೆಯಲಾಗಲಿಲ್ಲ. ಕೋಟಿನ ತೋಳಿನಿಂದ ಬಾಯಿ ಮುಚ್ಚಿಕೊಂಡು ಕುಲುಕಿ ಕುಲುಕಿ ನಕ್ಕರು. ಅವರು ಹಾಗೆ ನಗುವುದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಆಮೇಲೆ ಮಾತು ನಿಲ್ಲಲೇ ಇಲ್ಲ. ಹೊಸ ಮದುವಣಗಿತ್ತಿಯಾಗಿ ಬಂದಾಗ ಉಪ್ಪು ಮರೆತ ಸಾರಿಗಾಗಿ ಇಡೀ ಮನೆ ಮೂರು ದಿನ ಆಡಿಕೊಂಡಿದ್ದು, ನಾಲ್ಕನೇ ಕ್ಲಾಸಿನಲ್ಲಿ ತಮ್ಮನ್ನು ಸ್ಕೂಲು ಬಿಡಿಸಿದ್ದು, ಎಮ್ಮೆದೊಡ್ಡಿಯ ಕಡೆಯಿಂದ ಬಂದಿದ್ದ ಒಂದು ಹಸು ತಮ್ಮ ಮಾತು ಬಿಟ್ಟು ಯಾರ ಮಾತೂ ಕೇಳದೆ ಇದ್ದದ್ದು, ಎಲ್ಲವನ್ನೂ ಹೇಳಿದರು. ನಾನೂ ಹೇಳಿದೆ. ಇಳಿಯುವ ಸ್ಟಾಪು ಯಾವಾಗ ದಾಟಿತೋ ಇಬ್ಬರಿಗೂ ತಿಳಿಯಲಿಲ್ಲ. ಬಸ್ಸು ಖಾಲಿಯಾಗಿ ನಿಂತಾಗ ಡ್ರೈವರ್ ತಿರುಗಿ ನೋಡಿ, ಇಳಿಯಿರಿ ಎಂದು ಕೈ ಮಾಡಿದ.

ಅದು ಊರಿನ ಅಂಚು. ಮುಂದೆ ಬಯಲು. ಬಯಲಿನ ಉದ್ದಕ್ಕೂ ಹಳೆಯ ಕಾಲದಲ್ಲಿ ಊರಿಗೆ ನೀರು ಹರಿಸುತ್ತಿದ್ದ ಕಲ್ಲಿನ ಕಮಾನುಗಳು, ಅರ್ಧ ಬಿದ್ದು ಅರ್ಧ ನಿಂತು, ಸಾಲಾಗಿ ಹೋಗಿದ್ದವು. ಅವುಗಳ ಕೆಳಗೆ ಕುರಿಗಳು ಮೇಯುತ್ತಿದ್ದವು. ವಾಪಸ್ಸು ಬಸ್ಸು ಒಂದು ಗಂಟೆ ಬಿಟ್ಟು ಎಂದು ಗೊತ್ತಾಯಿತು. ಬಿದ್ದ ಕಲ್ಲೊಂದರ ಮೇಲೆ ಕೂತೆವು. ಬಿಸಿಲು ಹಿತವಾಗಿತ್ತು.

ಅತ್ತೆ ಕುರಿಗಳನ್ನು ನೋಡುತ್ತಲೇ, "ನಿನ್ಗೊಂದು ಮಾತು ಹೇಳ್ಬೇಕು" ಎಂದರು. "ಅಜ್ಜಂಪುರದ ಕೆಲ್ಸ ಬ್ಯಾಡ ಅಂದಿದ್ದು ನಿಮ್ಮಾವ ಅಲ್ಲ. ನಾನು."

ನಾನು ಅವರ ಮುಖ ನೋಡಿದೆ.

"ಅವ್ರು ನನ್ನ ಕೇಳಿದ್ರು, ಕಳಿಸಾಣ್ವಾ ಅಂತ. ನಾನೇ ಬ್ಯಾಡ ಅಂದೆ. ಮಗಳು ನೋಡಿದ್ರೆ ಈ ದೇಶಕ್ಕೆ ಬಂದ್ಬಿಟ್ಲು. ಗಂಡಸ್ರೆಲ್ಲ ಬೆಳಗಾದ್ರೆ ಮಂಡಿಗೆ. ನೀನೂ ಬಸ್ ಹತ್ತಿ ಹೊರಟ್ಹೋದ್ರೆ ಅಷ್ಟು ದೊಡ್ಡ ಅಡುಗೆಮನೇಲಿ ನಾನೊಬ್ಳೇ ಏನ್ ಮಾಡ್ಲಿ ಅನ್ನಿಸ್ತು."

"ನೀವು ನನ್ನ ಹತ್ರ ಮಾತೇ ಆಡ್ತಿರಲಿಲ್ವಲ್ಲ ಅತ್ತೆ."

"ಮಾತಾಡ್ದಿದ್ರೂ ನೀನು ಇದ್ದೆಯಲ್ಲ."

ದುಃಖವೋ ಸಿಟ್ಟೋ ತಿಳಿಯದೆ ನಾನು ಎದ್ದು ಕಮಾನುಗಳ ಕಡೆ ನಡೆದೆ. ಇಷ್ಟು ದಿನ ಮಾವನ ಮೇಲೆ ಇಟ್ಟುಕೊಂಡಿದ್ದ ಸಿಟ್ಟನ್ನು ಈಗ ಎಲ್ಲಿಗೆ ಹಾಕುವುದು? ಎರಡು ಕಮಾನು ದಾಟಿ ತಿರುಗಿ ಬಂದೆ. "ನನಗೆ ಸಿಟ್ಟು ಬಂದಿದೆ ಅತ್ತೆ" ಎಂದೆ. ಅದುವರೆಗೆ ಆ ಮನೆಯಲ್ಲಿ ಯಾರಿಗೂ ನಾನು ಹೀಗೆ ಹೇಳಿರಲಿಲ್ಲ.

"ಬರಬೇಕಾದ್ದೇ. ಬಂದ್ರೆ ತಪ್ಪೇನಿಲ್ಲ" ಎಂದರು ಅವರು. ಬೇರೆ ಸಮಜಾಯಿಷಿ ಕೊಡಲಿಲ್ಲ. ಗಂಟು ಬಿಚ್ಚಿ ಚಪಾತಿ ಕೈಗೆ ಕೊಟ್ಟರು. ಇಬ್ಬರಿಗೂ ಹಸಿವಾಗಿತ್ತು. ತಿಂದೆವು.

ಅಷ್ಟರಲ್ಲಿ ಕಪ್ಪು ಬಟ್ಟೆಯ ಒಬ್ಬ ಮುದುಕಿ ಬುಟ್ಟಿ ಹಿಡಿದು ಬಯಲಿನಿಂದ ಬಂದರು. ಬಸ್ಸಿಗೆ ಕಾಯುತ್ತಾ ನಮ್ಮ ಪಕ್ಕದಲ್ಲೇ ಕೂತರು. ಬುಟ್ಟಿಯ ತುಂಬ ಕಿತ್ತು ತಂದ ಕಾಡುಸೊಪ್ಪು. ಅತ್ತೆ ಒಂದು ಎಲೆ ಎತ್ತಿ ಮೂಸಿ, "ಹೊಲದ ಬದಿನಲ್ಲಿ ಕೀಳೋ ಸೊಪ್ಪಿನ ಹಂಗೇ ಐತೆ ನೋಡು" ಎಂದರು. ಮುದುಕಿ ತಮ್ಮ ಭಾಷೆಯಲ್ಲಿ ಅದನ್ನು ಬೇಯಿಸುವ ಬಗೆ ಹೇಳಿದರು ಎಂದು ಕಾಣುತ್ತದೆ. ಹಿಂಡುವಂತೆ, ಒಗ್ಗರಣೆ ಹಾಕುವಂತೆ ಕೈಯಾಡಿಸಿ ತೋರಿಸಿದರು. ಅತ್ತೆ ಕನ್ನಡದಲ್ಲೇ ತಮ್ಮ ಬಗೆ ಹೇಳಿದರು. ಇಬ್ಬರೂ ತಲೆಯಾಡಿಸಿದರು. ಮುದುಕಿ ನನ್ನನ್ನು ತೋರಿಸಿ ಏನೋ ಕೇಳಿದರು. ಎರಡು ತಿಂಗಳಲ್ಲಿ ಕಲಿತ ನಾಲ್ಕಾರು ಮಾತುಗಳಲ್ಲಿ ಅದೊಂದು ನನಗೆ ತಿಳಿಯಿತು.

"ನಾನು ನಿಮ್ಮ ಮಗಳಾ ಅಂತ ಕೇಳ್ತಿದ್ದಾರೆ ಅತ್ತೆ."

"ಸೊಸೆ ಅನ್ನು. ಸುಳ್ಳು ಯಾಕೆ ಹೇಳ್ಬೇಕು?"

ಸೊಸೆಗೆ ಅವರ ಭಾಷೆಯಲ್ಲಿ ಏನೆನ್ನುತ್ತಾರೋ ನನಗೆ ಗೊತ್ತಿರಲಿಲ್ಲ. ತಾಳಿ ತೋರಿಸಿದೆ, ಅತ್ತೆಯ ಮಗ ಇಷ್ಟೆತ್ತರ ಎಂದು ಕೈ ಎತ್ತಿ ತೋರಿಸಿದೆ. ಮುದುಕಿಗೆ ಅರ್ಥವಾಯಿತು. ಅಯ್ಯೋ ಎನ್ನುವಂತೆ ಹಣೆ ಚಚ್ಚಿಕೊಂಡು ನಕ್ಕರು. ಅವರ ಮನೆಯಲ್ಲೂ ಒಬ್ಬಳು ಸೊಸೆ ಇದ್ದಿರಬೇಕು. ಬಸ್ಸು ಬಂದಾಗ ಎರಡು ಹಿಡಿ ಸೊಪ್ಪನ್ನು ಅತ್ತೆಯ ಮಡಿಲಿಗೆ ಹಾಕಿದರು. ಸಂಜೆ ಪಲ್ಯ ಮಾಡಿದೆವು. ಕಹಿಯಿತ್ತು. ನಾದಿನಿ ಮೂಗು ಮುರಿದಳು, ನಾವಿಬ್ಬರೂ ಬಡಿಸಿಕೊಂಡು ತಿಂದೆವು.

ಉಳಿದ ದಿನಗಳಲ್ಲಿ ಊರನ್ನೆಲ್ಲ ಸುತ್ತಿದೆವು. ಪೋಪರ ದೊಡ್ಡ ಚರ್ಚಿನಲ್ಲಿ ಭಕ್ತರು ಮುಟ್ಟಿ ಮುಟ್ಟಿ ಬೆರಳೇ ಸವೆದುಹೋದ ಕಂಚಿನ ವಿಗ್ರಹದ ಪಾದವನ್ನು ಅತ್ತೆಯೂ ಸಾಲಿನಲ್ಲಿ ನಿಂತು ಮುಟ್ಟಿ ಕಣ್ಣಿಗೊತ್ತಿಕೊಂಡರು. ಇನ್ನೊಂದು ಹಳೆಯ ಗುಡಿಯ ಗುಂಡನೆಯ ಚಾವಣಿಯ ನಡುವೆ ದೊಡ್ಡ ಕಂಡಿ. ಅದರಿಂದ ಸಣ್ಣ ಮಳೆ ನೇರ ನೆಲಕ್ಕೆ ಬೀಳುತ್ತಿತ್ತು. ಎಲ್ಲರೂ ಪಕ್ಕಕ್ಕೆ ಸರಿದರೆ ಅತ್ತೆ ಮುಂದೆ ಹೋಗಿ ಎರಡು ಹನಿ ಅಂಗೈಗೆ ಹಿಡಿದರು. ನನ್ನ ಸಿಟ್ಟು ಯಾವ ದಿನ, ಯಾವ ಬೀದಿಯಲ್ಲಿ ಹೋಯಿತೆಂದು ಹೇಳಲಾರೆ. ವಿಮಾನ ಹತ್ತುವಾಗ ಇರಲಿಲ್ಲ.

ಊರಿಗೆ ಬಂದು ನಾಲ್ಕನೇ ದಿನ, ಮಾವ ಊಟಕ್ಕೆ ಕೂತಾಗ ಅತ್ತೆ ಬಡಿಸುತ್ತಲೇ ವಿಷಯ ತೆಗೆದರು. "ಇವಳು ಸ್ಕೂಲಿಗೆ ಹೋಗ್ಲಿ. ಆವತ್ತು ನಾನು ಹೇಳಿದ್ದು ತಪ್ಪಾಯ್ತು."

ಮಾವ ತುತ್ತು ಹಿಡಿದ ಕೈ ಹಾಗೇ ಇಟ್ಟುಕೊಂಡು ನೋಡಿದರು. "ಅಲ್ಲಿಗೆ ಹೋಗ್ಬಂದು ತಲೆಗಿಲೆ ಕೆಟ್ಟೈತಾ ನಿನಗೆ?"

"ಇಲ್ಲ, ನೆಟ್ಟಗೈತೆ. ಇನ್ನೊಂಚೂರು ಅನ್ನ ಹಾಕ್ಲಾ?"

ಮಾವ ಹಾಕಿಸಿಕೊಂಡರು. ಬೇಡ ಎನ್ನಲಿಲ್ಲ. ಆ ಹೊತ್ತಿಗೆ ಮೊದಲಿನ ಕೆಲಸ ಬೇರೆಯವರ ಪಾಲಾಗಿತ್ತು. ಒಂದು ವರ್ಷ ಕಾದೆ. ಆಮೇಲೆ ಅಜ್ಜಂಪುರದ ಅದೇ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ ವರ್ಗವಾಗಿ ಹೋದರು, ಸ್ಕೂಲಿನವರು ನನ್ನನ್ನು ಕರೆದರು. ಜೂನ್ ತಿಂಗಳ ಒಂದು ಬೆಳಿಗ್ಗೆ ತರೀಕೆರೆ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ಹತ್ತಿದೆ. ಕೂರಲು ಸೀಟಿರಲಿಲ್ಲ. ತರಕಾರಿ ಮೂಟೆಗಳ ನಡುವೆ ನಿಂತೇ ಹೋದೆ, ಸೀರೆಯ ನೆರಿಗೆಯೆಲ್ಲ ಮುದುಡಿತು. ಎಂಟನೇ ಕ್ಲಾಸಿನಲ್ಲಿ ಐವತ್ತು ಮಕ್ಕಳು ಒಟ್ಟಿಗೆ ಎದ್ದು ನಿಂತರು. ಕೂರಲು ಹೇಳಿ, ಬೋರ್ಡಿನ ಮೇಲೆ ಒಂದು ದೊಡ್ಡ ಎಲೆಯ ಚಿತ್ರ ಬರೆದು, ಪಾಠ ಶುರುಮಾಡಿದೆ.