ಬಲಬದಿಯ ಮೆಟ್ಟಿಲು

ಇಂಥ ಅನುಭವಗಳನ್ನು ಬೇರೆಯವರು ಹೇಳಿದಾಗ ನಾನು ಮನಸ್ಸಿನಲ್ಲೇ ನಗುತ್ತಿದ್ದೆ. ಎದುರಿಗೆ ನಗಲಾರದೆ ‘ಹೌದೇನ್ರಿ’ ಎಂದು ಸುಮ್ಮನಾಗುತ್ತಿದ್ದೆ. ಧಾರವಾಡದ ಒಂದು ಪಾಲಿಟೆಕ್ನಿಕ್‌ನಲ್ಲಿ ಬಹಳ ವರ್ಷ ಯಂತ್ರಚಿತ್ರಣ ಕಲಿಸಿದ ಮೇಷ್ಟ್ರು ನಾನು. ವಸ್ತುವಿನ ಒಂದು ಬದಿಯನ್ನಷ್ಟೇ ನೋಡಿ ಇನ್ನೊಂದು ಬದಿಯನ್ನು ಬರೆಯಲು ಬರುವುದಿಲ್ಲ ಎಂಬುದು ಪ್ರತಿವರ್ಷ ನನ್ನ ಮೊದಲ ಪಾಠ. ಆ ಪಾಠವನ್ನು ಈಗಲೂ ನಂಬುತ್ತೇನೆ. ಆದರೆ ಏಳೆಂಟು ವರ್ಷಗಳ ಹಿಂದೆ ನನ್ನ ಕೈಯಿಂದಲೇ ಒಂದು ಕೆಲಸ ನಡೆದುಹೋಯಿತು. ಅದನ್ನು ಇದ್ದ ಹಾಗೆ ಹೇಳುತ್ತೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಹುಬ್ಬಳ್ಳಿಯ ಹಳೆಯ ಪುಸ್ತಕದ ಅಂಗಡಿಯೊಂದರಲ್ಲಿ ಯಂತ್ರಗಳ ಮೇಲಿನ ಒಂದು ದಪ್ಪ ಪುಸ್ತಕ ಕೊಂಡಿದ್ದೆ. ಮನೆಗೆ ಬಂದು ಬಿಡಿಸಿದರೆ ಹಾಳೆಗಳ ನಡುವೆ ಒಂದು ಕಪ್ಪು-ಬಿಳುಪು ಫೋಟೋ. ಧೋತರ, ಕೋಟು, ಕರಿ ಟೊಪ್ಪಿಗೆ ತೊಟ್ಟ ಮೀಸೆಯ ತರುಣನೊಬ್ಬ ಮೋಟಾರ್ ಸೈಕಲ್ಲಿನ ಪಕ್ಕ ನಿಂತಿದ್ದಾನೆ. ನಗುತ್ತಿಲ್ಲ, ಆದರೆ ಖುಷಿಯಾಗಿದ್ದಾನೆಂದು ನೋಡಿದವರಿಗೆ ತಿಳಿಯುತ್ತದೆ. ಹಿಂಬದಿಯಲ್ಲಿ ಪೆನ್ಸಿಲ್ಲಿನಲ್ಲಿ ಬರೆದದ್ದು ಒಂದೇ ಶಬ್ದ, ‘ಉಪ್ಪಿನಬೆಟಗೇರಿ’.

ಮನುಷ್ಯನಿಗಿಂತ ಗಾಡಿಯೇ ನನ್ನನ್ನು ಹಿಡಿದು ನಿಲ್ಲಿಸಿತು. ನೀರಹನಿಯಂಥ ಟ್ಯಾಂಕು, ದೊಡ್ಡ ಗುಂಡು ದೀಪ, ಕೆಳಗೆ ಸ್ಪ್ರಿಂಗಿದ್ದ ಸೀಟು. ಅಂಥದ್ದೊಂದನ್ನು ಕಟ್ಟಬೇಕೆಂಬ ಆಸೆ ನನಗೆ ಹುಡುಗತನದಿಂದ ಇತ್ತು. ನಿವೃತ್ತಿಗೆ ಎರಡು ವರ್ಷ ಉಳಿದಿತ್ತು. ಈಗ ಕಟ್ಟದಿದ್ದರೆ ಇನ್ನು ಯಾವಾಗ ಎಂದು ಈ ಕಾಲದ್ದೇ ಒಂದು ಬಳಸಿದ ಬೈಕು ತಂದು, ಎಂಜಿನ್ನು ಚೇಸಿ ಹಾಗೇ ಇಟ್ಟುಕೊಂಡು, ಮೇಲಿನದೆಲ್ಲ ಬಿಚ್ಚಿದೆ. ಉಣಕಲ್ಲಿನಲ್ಲಿ ತಗಡಿನ ಕೆಲಸ ಮಾಡುವ ಇಮಾಮ್ ಕಾಕಾ ಎಂಬ ಹಿರಿಯರಿದ್ದರು. ನಾನು ನಕ್ಷೆ ಬರೆಯುವುದು, ಅವರು ಬಡಿದು ಬೆಸೆಯುವುದು ಎಂದಾಯಿತು. ಟ್ಯಾಂಕೊಂದಕ್ಕೇ ಅವರಿಗೆ ಮೂರು ವಾರ ಹಿಡಿಯಿತು. ನಾಲ್ಕು ಸಲ ಬಡಿದು, ನಾಲ್ಕು ಸಲ ಬೇಡವೆಂದು ಪಕ್ಕಕ್ಕೆಸೆದು, ಐದನೆಯದನ್ನು ನನ್ನ ಕೈಗಿಟ್ಟರು. ಅಷ್ಟು ಸುಖವಾಗಿ ನನ್ನ ಭಾನುವಾರಗಳು ಹಿಂದೆಂದೂ ಕಳೆದಿರಲಿಲ್ಲ.

ಎಡಬದಿ ಸುಲಭವಾಯಿತು, ಅದು ಫೋಟೋದಲ್ಲಿತ್ತು. ಬಲಬದಿ ಇರಲಿಲ್ಲ. ಎಡಕ್ಕೆ ಸೈಲೆನ್ಸರ್ ಕಾಣದ್ದರಿಂದ ಅದು ಬಲಕ್ಕಿರಬೇಕು ಎಂದಷ್ಟೇ ಊಹಿಸಿಕೊಂಡು, ಒಂದು ಸಂಜೆ ಬಲಬದಿಯ ನಕ್ಷೆಗೆ ಕುಳಿತೆ. ಸೈಲೆನ್ಸರ್ ಬರೆದೆ, ಹಿಂದೆ ಕೂರುವವರ ಕಾಲಿಡುವ ಮಾಮೂಲಿ ಕಡ್ಡಿ ಬರೆದೆ. ಕೈ ಅಲ್ಲಿ ನಿಲ್ಲಲಿಲ್ಲ. ಆ ಕಡ್ಡಿಯ ಹಿಂದೆ, ಹಿಂದಿನ ಚಕ್ರದ ಹತ್ತಿರ, ಹೊರಕ್ಕೆ ಚಾಚಿದ ಒಂದು ಸಣ್ಣ ಕಬ್ಬಿಣದ ಮೆಟ್ಟಿಲು ಬರೆದೆ. ಗೇಣಿಗೆ ಕಡಿಮೆ ಉದ್ದ, ನಾಲ್ಕು ಬೆರಳು ಅಗಲ, ಹೊರತುದಿಗೆ ಮೇಲೆದ್ದ ಅಂಚು. ಅಳತೆಗಳನ್ನೂ ತಡವರಿಸದೆ ಹಾಕಿದೆ.

ಮರುದಿನ ನೋಡಿದಾಗ ನನಗೇ ನಗು ಬಂತು. ಅಳಿಸಿದೆ. ಅಳಿಸಿದ ನಕ್ಷೆ ಏನೋ ಕಳೆದುಕೊಂಡಂತೆ ಕಂಡು, ಎರಡು ದಿನ ಬಿಟ್ಟು ಮತ್ತೆ ಅದನ್ನೇ ಬರೆದೆ. ಹೆಂಡತಿ ಚಹಾ ತಂದವಳು ಬಗ್ಗಿ ನೋಡಿ, “ಇದರ ಮ್ಯಾಲೆ ಬೆಕ್ಕ ಕಾಲಿಡಬೇಕಷ್ಟ” ಎಂದು ಹೋದಳು.

ಕಾಕಾ ಅಷ್ಟು ಸುಲಭಕ್ಕೆ ಬಿಡಲಿಲ್ಲ. “ಮಾಸ್ತರ, ಇದು ಏನ್ರಿ? ಹೆಣ್ಮಕ್ಕಳು ಎಡಕ್ಕ ಕಾಲು ಬಿಟ್ಟು ಕುಂದರತಾರ. ನೀವು ಬಲಕ್ಕ ಮೆಟ್ಲಾ ಇಟ್ಟೀರಿ. ಅದೂ ಇಷ್ಟ ಸಣ್ಣದು! ಇದರ ಮ್ಯಾಲೆ ಯಾರ ಕಾಲು ಹಿಡಿತೈತ್ರಿ?”

“ನನಗೂ ತಿಳಿವಲ್ದು ಕಾಕಾ. ಆದ್ರ ಮಾಡ್ರಿ, ಇರ್ಲಿ.”

ಮಾಡಿದರು. ಗಾಡಿ ಮುಗಿದ ದಿನ ಮಾತ್ರ ಗ್ರೈಂಡರ್ ಕೈಯಲ್ಲಿ ಹಿಡಿದು, “ಇನ್ನೂ ಹೊತ್ತಾಗಿಲ್ಲ, ತಗದುಬಿಡ್ಲ್ಯಾ? ಅಷ್ಟ ಚಂದ ಗಾಡಿಗೆ ಇದೊಂದು ಗಂಟು” ಎಂದರು. ನಾನು ಹೂಂ ಎನ್ನಲು ಬಾಯಿ ತೆರೆದವನು, ಬೇಡ ಎಂದೆ. ಯಾಕೆಂದೆನೋ ಗೊತ್ತಿಲ್ಲ.

ಮುಂದಿನ ಭಾನುವಾರ ಬೆಳಿಗ್ಗೆ ಆ ಫೋಟೋವನ್ನು ಅದರ ಮನೆಗೆ ಮುಟ್ಟಿಸೋಣವೆಂದು ಉಪ್ಪಿನಬೆಟಗೇರಿಗೆ ಹೊರಟೆ. ಗಾಡಿಯ ಮೊದಲ ದೂರದ ಓಟ ಅದು. ಕರಿಮಣ್ಣಿನ ಹೊಲಗಳ ನಡುವೆ ಎಂಜಿನ್ನು ಒಂದೇ ಹದದಲ್ಲಿ ಬಡಿದುಕೊಳ್ಳುತ್ತಿತ್ತು. ಎದುರಾದವರೆಲ್ಲ ತಿರುಗಿ ನೋಡಿದರು. ನಾನು ಹರೆಯದವನಂತೆ ಬೆನ್ನು ನೆಟ್ಟಗೆ ಮಾಡಿ ಕುಳಿತಿದ್ದೆ, ಸುಳ್ಳು ಯಾಕೆ ಹೇಳಲಿ.

ಊರೊಳಗೆ ಚಹಾದಂಗಡಿಯ ಮುದುಕರಿಗೆ ಫೋಟೋ ತೋರಿಸಿದೆ. ದೂರ ಹಿಡಿದು, ಹತ್ತಿರ ಹಿಡಿದು ನೋಡಿ, “ಇವರು ನಮ್ಮ ನೀಲಮ್ಮ ಅಕ್ಕೋರ ಅಪ್ಪಾರಲ್ರೀ! ಈ ಮೀಸಿ ಮತ್ತ್ಯಾರಿಗೆ ಇತ್ತು? ಹತ್ತಿ ಅರಳಿ ವ್ಯಾಪಾರಕ್ಕ ಹಳ್ಳಿ ಹಳ್ಳಿ ತಿರಗತಿದ್ರು” ಎಂದು ಓಣಿ ತೋರಿಸಿದರು. ನೀಲಮ್ಮ ಅಲ್ಲಿಯ ಶಾಲೆಯಲ್ಲಿ ಕಲಿಸಿ ನಿವೃತ್ತರಾದವರಂತೆ, ತಮ್ಮನ ಸಂಸಾರದ ಜೊತೆ ಇದ್ದಾರಂತೆ.

ನಾನು ಮನೆಯ ಮುಂದೆ ಗಾಡಿ ನಿಲ್ಲಿಸುವಷ್ಟರಲ್ಲಿ ಎಪ್ಪತ್ತರ ಆಸುಪಾಸಿನ ಹೆಂಗಸೊಬ್ಬರು ಕೋಲೂರಿಕೊಂಡು ಹೊರಗೆ ಬಂದರು. ಬಲಗಾಲು ಬಹಳ ತೆಳ್ಳಗಿತ್ತು, ಎಳೆದು ಹಾಕುತ್ತಿದ್ದರು. ನನ್ನನ್ನು ಯಾರೆಂದು ಕೇಳಲಿಲ್ಲ. ಗಾಡಿಯ ಹಿಂದಿನಿಂದ ಸುತ್ತಿ ಬಲಬದಿಗೆ ಹೋಗಿ ನಿಂತರು. ಕೆಳಗೆ ನೋಡಿದರು. ಆಮೇಲೆ ಸೀಟು ಹಿಡಿದುಕೊಂಡು, ಚಪ್ಪಲಿ ಕಳಚಿ, ಕೈಯಿಂದ ಮಂಡಿ ಎತ್ತಿ ಆ ಕಾಲನ್ನು ಮೆಟ್ಟಿಲ ಮೇಲಿಟ್ಟರು. ಮಗುವಿನ ಪಾದದಷ್ಟೇ ಇದ್ದ ಪಾದ. ಹಿಮ್ಮಡಿಯಿಂದ ಬೆರಳತನಕ ಮೆಟ್ಟಿಲು ಅದಕ್ಕೆ ಸರಿಯಾಗಿ ಕೂತಿತು. ಮೇಲೆದ್ದ ಅಂಚಿಗೆ ಬೆರಳುಗಳು ತಾಗಿ ನಿಂತವು.

“ನಮ್ಮ ಗಾಡಿ ಎಲ್ಲಿ ಸಿಕ್ತ್ರೀ ನಿಮಗ?” ಎಂದರು.

ಇದು ನಿಮ್ಮ ಗಾಡಿಯಲ್ಲ, ನಾನು ಹೊಸದಾಗಿ ಕಟ್ಟಿಸಿದ್ದು ಎಂದೆ. ಅವರು ಕಾಲು ತೆಗೆಯದೆ ಕೇಳಿಸಿಕೊಂಡು, “ಹಂಗಾದ್ರ ಇದು?” ಎಂದು ಮೆಟ್ಟಿಲು ತೋರಿಸಿದರು. “ಸಣ್ಣಾಕಿದ್ದಾಗ ಜ್ವರ ಬಂದು ಈ ಕಾಲು ಹೋತ್ರಿ. ಎಡಕ್ಕ ಕುಂತ್ರ ಇದು ಜೋತುಬಿದ್ದು ಅಪ್ಪನ ಕಾಲಿಗೆ ಬಡೀತಿತ್ತು. ಅದಕ್ಕ ಬಲಕ್ಕ ಕುಂದರ್ಸಿ, ಕಾಲು ಜಾರಬಾರದಂತ ಇಂಥಾದ್ದ ಮಾಡಿಸಿದ್ರು. ನನಗ ನೌಕರಿ ಸಿಗೂತನಕ ದಿನಾ ಸಾಲಿಗೆ ಬಿಟ್ಟು ಬಂದ್ರು. ನಿಮಗ ಹೆಂಗ ಗೊತ್ತಾತು?”

ನನಗೆ ಗೊತ್ತಿರಲಿಲ್ಲ ಎಂದೆ. ಜೇಬಿನಿಂದ ಫೋಟೋ ತೆಗೆದು ಕೊಟ್ಟೆ. ಅವರ ಮನೆಯಲ್ಲಿ ಅಪ್ಪನ ಫೋಟೋ ಒಂದೂ ಇರಲಿಲ್ಲವಂತೆ. ಸೆರಗಿನಿಂದ ಮತ್ತೆ ಮತ್ತೆ ಒರೆಸಿ ನೋಡಿದರು. ನಾನು ನನ್ನ ಸಮಾಧಾನಕ್ಕೆ, ಇದರಲ್ಲಿ ಮೆಟ್ಟಿಲ ತುದಿ ಎಲ್ಲಿಯಾದರೂ ಕಂಡಿರಬಹುದು, ನನಗೆ ಅರಿವಿಲ್ಲದೆ ನೋಡಿರಬಹುದು ಎಂದೆ. ಅವರು ತಲೆಯಲ್ಲಾಡಿಸಿದರು.

“ಇದು ಗಾಡಿ ತಂದ ವರ್ಷದ ಫೋಟೋರಿ. ಅಪ್ಪನ ಲಗ್ನಾನೂ ಆಗಿರಲಿಲ್ಲ. ಆ ಮೆಟ್ಲಾ ಆಮ್ಯಾಲೆ ಎಷ್ಟೋ ವರ್ಷಕ್ಕ ಬಂತು.”

ಹೆದರಿಕೆ ಎನ್ನುವಂಥದ್ದು ನನಗೆ ಆಗಲಿಲ್ಲ, ಅವರ ಮುಖದಲ್ಲೂ ಕಾಣಲಿಲ್ಲ. ಅವರೇ, “ಸಾಲಿತನಕ ಹೋಗಿ ಬರೋಣೇನ್ರಿ?” ಎಂದರು. ತಮ್ಮನ ಹೆಂಡತಿ ಬೇಡವೆನ್ನುತ್ತಿದ್ದಂತೆಯೇ ಹತ್ತಿ ಕುಳಿತರು, ಬಲಕ್ಕೆ ಮುಖ ಮಾಡಿ. ಒಂದು ಕೈ ನನ್ನ ಹೆಗಲ ಮೇಲೆ, ಇನ್ನೊಂದರಲ್ಲಿ ಕೋಲು. ನಡಿಗೆಯ ವೇಗದಲ್ಲಿ ಹೋಗಿ ಬಂದೆವು. ದಾರಿಯಲ್ಲಿ ಕಂಡ ಪ್ರತಿಯೊಬ್ಬರನ್ನೂ ಹೆಸರು ಹಿಡಿದು ಮಾತಾಡಿಸಿದರು. ರೊಟ್ಟಿ, ಬದನೆಕಾಯಿ ಪಲ್ಯ ಉಣ್ಣಿಸದೆ ಬಿಡಲಿಲ್ಲ.

ಮನೆಗೆ ಬಂದ ಮೇಲೆ ಎಲ್ಲ ದಿಕ್ಕಿನಿಂದಲೂ ಯೋಚಿಸಿದೆ. ನಾನು ಬೆಳೆದದ್ದು ಬಾಗಲಕೋಟೆಯಲ್ಲಿ. ನೀಲಮ್ಮನವರ ಮನೆಯವರು ಆ ಹಳೆಯ ಗಾಡಿಯನ್ನು ಗುಜರಿಗೆ ಹಾಕಿದ ಎಷ್ಟೋ ವರ್ಷದ ನಂತರ ಧಾರವಾಡ ಸೇರಿದವನು. ಉಪ್ಪಿನಬೆಟಗೇರಿಗೆ ಕಾಲಿಟ್ಟದ್ದು ಅದೇ ಮೊದಲು. ಫೋಟೋ ಆ ಪುಸ್ತಕದೊಳಗೆ ಹೇಗೆ ಸೇರಿತೆಂದು ನೀಲಮ್ಮನವರಿಗೂ ತಿಳಿಯದು. ಆಮೇಲೆ ಇನ್ನೆರಡು ಗಾಡಿ ಕಟ್ಟಿದೆ, ಕಾಣದ ಬದಿಗಳನ್ನು ಬರೆದೆ. ಕೈ ನಾನು ಹೇಳಿದಷ್ಟೇ ಕೇಳಿತು.

ಇಮಾಮ್ ಕಾಕಾನಿಗೆ ಮರುದಿನವೇ ಎಲ್ಲ ಹೇಳಿದ್ದೆ. ಅವರು ಆಶ್ಚರ್ಯಪಡುತ್ತಾರೆಂದು ಮುಖವನ್ನೇ ನೋಡುತ್ತಿದ್ದೆ. ಅವರು ಗಾಡಿಯ ಬಲಬದಿಗೆ ಕುಕ್ಕರಗಾಲಲ್ಲಿ ಕೂತು, ಮೆಟ್ಟಿಲ ಅಂಚಿನ ಮೇಲೆ ಹೆಬ್ಬೆರಳು ಎಳೆದು ನೋಡಿ, “ಮಾಸ್ತರ, ಅಕ್ಕೋರ ಕಾಲಿಗೆ ಚುಚ್ಚಲಿಲ್ಲೇನ್ರಿ? ಇಲ್ಲೊಂದು ಕಡೆ ಹರಿತ ಉಳಿದೈತಿ” ಎಂದು ಉಜ್ಜುವ ಅರ ತರಲು ಎದ್ದು ಹೋದರು.