ಅಲಾರಂ ಕಳಚಿಟ್ಟ ಮನೆ

“ಈ ಮನೆಯಲ್ಲಿ ಯಾರಿಗಾದರೂ ಬೆಳಿಗ್ಗೆ ತಲೆನೋವು ಬರುತ್ತಾ?”

ಗ್ಯಾಸ್ ಕಂಪನಿಯವನು ಇಂಗ್ಲಿಷಿನಲ್ಲಿ ಹೀಗೆ ಕೇಳಿದಾಗ ನನಗೆ ಸಿಟ್ಟೇ ಬಂತು. ಹೀಟರು ಪದೇ ಪದೇ ಆರಿಹೋಗುತ್ತಿದೆ, ಬಂದು ನೋಡಪ್ಪಾ ಅಂತ ಕರೆಸಿದರೆ ಇವನು ಡಾಕ್ಟರಿಕೆ ಶುರು ಮಾಡಿದನಲ್ಲ! ಅಷ್ಟರಲ್ಲಿ ಅವನು ಗ್ಯಾಸ್ ಬಂದ್ ಮಾಡಿ ಹೀಟರಿಗೆ ಕೆಂಪು ಚೀಟಿ ಕಟ್ಟಿಯೂ ಆಗಿತ್ತು. ಒಳಗಿನ ತಗಡು ಬಿರುಕು ಬಿಟ್ಟಿದೆ, ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಗಾಳಿ ಮನೆಯೊಳಗೆ ಸೇರುತ್ತಿದೆ, ಅದಕ್ಕೆ ವಾಸನೆ ಇರುವುದಿಲ್ಲ ಎಂದ. ನಾನು ಸೋಫಾದ ಮೇಲೆ ಕೌದಿ ಹೊದ್ದು ಕೂತಿದ್ದ ಅವ್ವನನ್ನು ನೋಡಿದೆ.

ಗದಗಿನಲ್ಲಿ ನಾವು ಚಳಿಗೆ ಕೌದಿ ಹೊದೆಯುತ್ತಿದ್ದೆವು, ಅಷ್ಟೇ. ಕಿಟಕಿ ತೆರೆದೇ ಇರುತ್ತಿತ್ತು. ಇಲ್ಲಿ ಅಮೆರಿಕದ ಫ್ರೀಮಾಂಟಿನಲ್ಲಿ ಹಿಮ ಬೀಳದಿದ್ದರೂ ಚಳಿ ಮನೆಯೊಳಗೇ ಬಂದು ಕೂರುತ್ತದೆ. ಓಣಿಯಂಥ ಕಾರಿಡಾರಿನ ಬೀರುವಿನಲ್ಲಿ ಫರ್ನೇಸ್ ಎಂಬ ಆಳೆತ್ತರದ ಕಬ್ಬಿಣದ ಪೆಟ್ಟಿಗೆ ಇದೆ, ಅದೇ ನಮ್ಮ ಹೀಟರು. ಅದರಲ್ಲಿ ಗ್ಯಾಸ್ ಉರಿದು, ಬಿಸಿಗಾಳಿ ಕೊಳವೆಗಳಲ್ಲಿ ಹರಿದು, ಪ್ರತಿ ಕೋಣೆಯ ನೆಲದ ಜಾಲರಿಯಿಂದ ಮೇಲೆ ಬರುತ್ತದೆ. ಮನೆಯಷ್ಟೇ ಹಳೆಯದು ಅದು. ಅವ್ವನ ಕೋಣೆ ಅದಕ್ಕೆ ತಾಗಿಕೊಂಡೇ ಇತ್ತು. ಬೆಚ್ಚಗಿರಲಿ ಎಂದು ನಾನೇ ಆ ಕೋಣೆ ಕೊಟ್ಟಿದ್ದೆ.

ಗದಗಿನ ತಮ್ಮನ ಮನೆಯಿಂದ ಆರು ತಿಂಗಳಿಗೆಂದು ಬಂದವಳು ಮೂರನೇ ವಾರದಿಂದಲೇ ಹೇಳತೊಡಗಿದ್ದಳು: “ಮುಂಜಾನಿ ಏಳೂದ ತಡ, ತಲಿ ಸಿಡ್ಯಾಕತ್ತೈತವ್ವಾ. ಹೊಟ್ಟಿ ತೊಳಸತೈತಿ. ನನ್ನ ಊರಿಗೆ ಕಳಸಿಬಿಡು.”

“ಊರಿನ ಧ್ಯಾಸ ಬಿಡಬೇ ಯವ್ವಾ, ತಲಿನೋವು ತಾನ ಹೋಗತೈತಿ,” ಎಂದು ನಾನು ಮಾತು ಮುಗಿಸುತ್ತಿದ್ದೆ.

ಒಂದು ಭಾನುವಾರ ಲಿವರ್‌ಮೋರಿನ ಗುಡಿಗೆ ಕರೆದೊಯ್ದೆವು. ದಿನವಿಡೀ ಅಲ್ಲೇ ಇದ್ದೆವು. ಅವ್ವ ಪ್ರಸಾದದ ಪುಳಿಯೋಗರೆ ಎರಡು ಸಲ ಹಾಕಿಸಿಕೊಂಡಳು, ನಗುನಗುತ್ತಾ ಮಾತಾಡಿದಳು. ಮರುದಿನ ಬೆಳಿಗ್ಗೆ ಮತ್ತೆ ತಲೆನೋವು. “ಹೊರಗ ಹ್ವಾದ್ರ ಆರಾಮ, ಮನೀಗೆ ಬಂದ್ರ ಬ್ಯಾನಿ! ನಾಟಕ ಸಾಕು,” ಎಂದುಬಿಟ್ಟೆ. ಹೆತ್ತ ತಾಯಿಗೆ! ಕಾರಣ ಕಣ್ಣೆದುರಿಗೇ ಇತ್ತು, ನನಗೆ ಕಂಡದ್ದು ಅವಳ ಹಟ ಮಾತ್ರ.

“ಅಲಾರಂ ಎಲ್ಲಿ?” ಗ್ಯಾಸ್ ಕಂಪನಿಯವನು ಕಾರಿಡಾರಿನ ಛಾವಣಿ ನೋಡುತ್ತಾ ಕೇಳಿದ. ಅಲ್ಲಿ ಎರಡು ತೂತು ಮಾತ್ರ ಇದ್ದವು. ಹೊಗೆಗೂ ಈ ವಿಷಗಾಳಿಗೂ ಒಂದೇ ಅಲಾರಂ. ನಾನು ಸಾಸಿವೆ, ಒಣಮೆಣಸಿನಕಾಯಿ ಹಾಕಿ ಒಗ್ಗರಣೆ ಕೊಟ್ಟಾಗಲೆಲ್ಲ ಅದು ಕಿರುಚುತ್ತಿತ್ತು. ಗಂಡ ಶಂಕರ ಟವೆಲ್ ಬೀಸುತ್ತಾ ಸ್ಟೂಲು ಹತ್ತುತ್ತಿದ್ದ. ಒಂದು ದಿನ ರೋಸಿಹೋಗಿ ಕಳಚಿ, ಬ್ಯಾಟರಿ ತೆಗೆದು, ಅಡುಗೆಮನೆಯ ಡ್ರಾಯರಿಗೆ ಎಸೆದಿದ್ದೆ. ಇಲ್ಲಿನ ಎಷ್ಟೋ ಕನ್ನಡದ ಮನೆಗಳಲ್ಲಿ ಇದೇ ಕತೆ. ನಾವು ನಗುನಗುತ್ತಾ ಹೇಳಿಕೊಳ್ಳುತ್ತೇವೆ. ಈಗ ಅದನ್ನು ಹುಡುಕಿ ಅವನ ಕೈಗಿಟ್ಟೆ. ಅವನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಅವ್ವನನ್ನು ಆಗಲೇ ಆಸ್ಪತ್ರೆಗೆ ಕರೆದೊಯ್ದೆವು. ಇನ್ನೂ ಕೆಲವು ದಿನ ಹೋಗಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ಆ ಮಾತನ್ನು ನಾನು ಅವಳಿಗೆ ಕನ್ನಡದಲ್ಲಿ ಹೇಳಲಿಲ್ಲ.

ಮನೆ ಕೊಂಡು ನಮ್ಮ ಕೈ ಬರಿದಾಗಿತ್ತು. ಮೊದಲು ಬಂದ ಕಂಟ್ರಾಕ್ಟರು ಫರ್ನೇಸು, ಕೊಳವೆ ಎಲ್ಲ ಹೊಸದು ಹಾಕಬೇಕೆಂದು ಹೊಸ ಕಾರಿನ ಬೆಲೆ ಹೇಳಿದ. ಎರಡನೆಯವನು ಮಿಲ್ಪಿಟಾಸಿನ ವಯಸ್ಸಾದ ವಿಯೆಟ್ನಾಮೀ ಮೆಕ್ಯಾನಿಕ್. ಮನೆಯೆಲ್ಲ ಸುತ್ತಿ, “ಹೆಚ್ಚು ಹೊತ್ತು ಎಲ್ಲಿ ಕೂರುತ್ತೀರಿ?” ಎಂದು ಕೇಳಿದ. ಹಾಲ್ ತೋರಿಸಿದೆ. “ಹಾಗಾದರೆ ಅಲ್ಲಿಗೊಂದು ಹೀಟ್ ಪಂಪ್ ಹಾಕಿಸಿ. ಉಳಿದ ಕೋಣೆಗಳಿಗೆ ಮುಂದೆ ನೋಡೋಣ,” ಎಂದ. ಗೋಡೆಗೆ ಕೂರಿಸುವ ಯಂತ್ರ ಅದು. ನೋಡಲು ನಮ್ಮೂರ ಎಸಿಯೇ, ಆದರೆ ಚಳಿಗಾಲದಲ್ಲಿ ಬಿಸಿಗಾಳಿ ಊದುತ್ತದೆ. ಗ್ಯಾಸ್ ಬೇಡ, ಕೊಳವೆ ಬೇಡ.

ಆ ಚಳಿಗಾಲ ನಾವು ನಾಲ್ವರೂ ಹಾಲ್‌ನಲ್ಲೇ ಸಾಲಾಗಿ ಹಾಸಿಕೊಂಡು ಮಲಗಿದೆವು. ಇಲ್ಲಿ ಹುಟ್ಟಿದ ಮಗಳು ಮೊದಲು “ನೋ ಪ್ರೈವೆಸಿ!” ಎಂದು ಮುಖ ಊದಿಸಿದವಳು, ವಾರದೊಳಗೆ ಅಜ್ಜಿಯ ಕೌದಿಯೊಳಗೆ ಸೇರಿಕೊಂಡಳು. ಅಮೆರಿಕದಲ್ಲಿ ಮೊದಲ ಬಾರಿಗೆ ನನ್ನ ಮನೆ ಮದುವೆಮನೆಯಂತಿತ್ತು. ಅವ್ವನ ಮುಖಕ್ಕೆ ಕಳೆ ಬಂತು. ಇನ್ನೂ ಆರು ತಿಂಗಳು ಉಳಿಸಿಕೊಳ್ಳೋಣವೆಂದು ಶಂಕರ ವೀಸಾ ಅರ್ಜಿ ತುಂಬಲು ಕೂತ.

ಒಂದು ಮಧ್ಯಾಹ್ನ ಅವಳ ತಲೆಗೆ ಎಣ್ಣೆ ಹಚ್ಚುತ್ತಾ ಕೇಳಿದೆ: “ತಪ್ಪಾತಬೇ ಯವ್ವಾ. ನಾಟಕ ಅಂದ್ನೆಲ್ಲ... ಈಗ ತಲಿನೋವು ಪೂರಾ ಹೋತಿಲ್ಲೊ?”

“ಹೋತವ್ವಾ, ಪೂರಾ ಹೋತು,” ಎಂದಳು. ನನ್ನ ಕೈ ಹಿಡಿದುಕೊಂಡಳು. “ನಾ ಎರಡು ಮಾತು ಹೇಳಿದ್ನಿ. ತಲಿನೋವು ಖರೇ ಅಂತ ಈಗ ನಂಬೀದಿ. ಊರಿಗೆ ಕಳಸು ಅಂದಿದ್ನೆಲ್ಲ, ಅದೂ ಖರೇನ ಐತಿ.”

ಅತ್ತುಬಿಟ್ಟೆ. ಶಂಕರನಿಗೆ ಅರ್ಜಿ ಬೇಡ, ಟಿಕೆಟ್ಟು ನೋಡು ಎಂದೆ.

ಈಗ ಅಲಾರಂ ಮತ್ತೆ ಛಾವಣಿಯಲ್ಲಿದೆ. ಮೊನ್ನೆ ಅವ್ವನೊಡನೆ ಫೋನಿನಲ್ಲಿ ಮಾತಾಡುತ್ತಲೇ ಒಗ್ಗರಣೆ ಹಾಕಿದೆ. ಅದು ಎಂದಿನಂತೆ ಕಿರುಚಿತು. ನಾನು ಓಡಿ ಕಿಟಕಿ ತೆರೆದೆ. ತಣ್ಣನೆ ಗಾಳಿ ನುಗ್ಗಿತು. ಒಗ್ಗರಣೆ ಬಿಟ್ಟು ಬದುಕಲು ನನಗಾಗದು. ಈ ಮನೆಯನ್ನೂ ಬಿಡಲಾರೆ.

“ಕೇಳಸವಲ್ದಬೇ ಯವ್ವಾ, ತಡಿ,” ಎಂದೆ ಸ್ಟೂಲು ಎಳೆಯುತ್ತಾ.

“ಒದರಲಿ ಬಿಡವ್ವಾ,” ಎಂದಳು ಗದಗಿನಿಂದ. “ಬಾಯಿ ಮುಚ್ಚಸಬ್ಯಾಡ.”