ಧಾರೆ ಎರೆದ ಮಾವ

ಮಾವನ ಮೇಲಿನ ಸಾಲಿನ ಹಲ್ಲುಗಳಲ್ಲಿ ಹೆಚ್ಚಿನವು ಚೆಕ್ ದೇಶದವು. ನಾವಿರುವ ನ್ಯೂರೆಂಬರ್ಗ್‌ನ ದಂತವೈದ್ಯರು ಸುಲಿಯುತ್ತಾರೆಂದು ಗಡಿ ದಾಟಿ ಹೋಗಿ ಕಟ್ಟಿಸಿಕೊಂಡು ಬಂದಿದ್ದರು. ಮುಖಕ್ಕೆ ಹೊಂದದಷ್ಟು ಬಿಳುಪು. ಆ ಹಲ್ಲು ಬಿಟ್ಟುಕೊಂಡೇ ಮಾವ ಪ್ರತಿ ಭಾನುವಾರ ನಮ್ಮ ಮನೆಯಲ್ಲಿ ಉಪ್ಪಿಟ್ಟು ತಿನ್ನುತ್ತಾ, ಜರ್ಮನಿ ಯುರೋಪಿಯನ್ ಒಕ್ಕೂಟ ಬಿಟ್ಟು ಹೊರಬರಬೇಕು, ಗಡಿಗೆ ಬಾಗಿಲು ಹಾಕಬೇಕು ಎಂದು ಭಾಷಣ ಬಿಗಿಯುತ್ತಿದ್ದರು. "ಕಂಡೋರನ್ನೆಲ್ಲ ನಾವ್ಯಾಕಯ್ಯ ಸಾಕ್ಬೇಕು?" ಎನ್ನುತ್ತಿದ್ದರು. ನಾವಂತೆ. ಮೈಸೂರಿನಿಂದ ಬಂದು ಪಾಸ್‌ಪೋರ್ಟ್ ಬದಲಾಯಿಸಿಕೊಂಡ ಮನುಷ್ಯ.

ಮಾವ ಎಂದರೆ ಹೆಂಡತಿಯ ಸ್ವಂತ ತಂದೆಯಲ್ಲ. ನನ್ನ ಹೆಂಡತಿ ರೊಮೇನಿಯಾದವಳು, ಚಿಕ್ಕಂದಿನಲ್ಲೇ ಅಪ್ಪನನ್ನು ಕಳೆದುಕೊಂಡವಳು. ಇಲ್ಲಿ ನಮ್ಮ ಮದುವೆ ನಡೆದಾಗ, ಧಾರೆ ಎರೆಯುವವರು ಯಾರು ಎಂದು ಪುರೋಹಿತರು ಕೇಳಿದರು. ನಮ್ಮವರೆಲ್ಲ ಮುಖ ಮುಖ ನೋಡಿಕೊಂಡರು. ಮಕ್ಕಳಿಲ್ಲದ ಈ ನಿವೃತ್ತ ಎಂಜಿನಿಯರ್ ತಮ್ಮ ಹೆಂಡತಿಯನ್ನು ಕರೆದುಕೊಂಡು ಎದ್ದು ಬಂದು ಮಣೆಯ ಮೇಲೆ ಕೂತರು. ಅಂದಿನಿಂದ ಅವಳಿಗೆ ಅವರು ಅಪ್ಪಾಜಿ. ಗೌರಿ ಹಬ್ಬಕ್ಕೆ ತವರಿನ ಬಾಗಿನ ತಪ್ಪಿಸಿದವರಲ್ಲ. ಅತ್ತೆ ತೀರಿಕೊಂಡ ಮೇಲೂ ತಾವೇ ಬಳೆ ಆರಿಸಿ, ಮೊರಕ್ಕೆ ಅರಿಶಿನ ಬಳಿದು, ಯು-ಬಾನ್ ಸುರಂಗ ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತರುತ್ತಿದ್ದರು. ಎದುರಿಗೆ ಕೂತವರು ಏನೆಂದು ಕೇಳಿದರೆ, ಮಗಳ ಮನೆಗೆ ಎನ್ನುತ್ತಿದ್ದರಂತೆ.

ಅವರ ಭಾಷಣವನ್ನು ಬರೀ ಹರಟೆ ಎಂದು ಬಹಳ ಕಾಲ ನುಂಗಿಕೊಂಡೆ. ಚುನಾವಣೆಗೆ ಮುಂಚೆ ಒಂದು ಶನಿವಾರ ಹೆಂಡತಿಯ ಜೊತೆ ತರಕಾರಿಗೆ ಹೋದಾಗ ಪೇಟೆ ಬೀದಿಯಲ್ಲಿ ನೋಡಿದರೆ, ಮಾವ ಅದೇ ವಾದದ ಪಕ್ಷವೊಂದರ ದೊಡ್ಡ ಕೊಡೆಯ ಕೆಳಗೆ ನಿಂತು, ಒಕ್ಕೂಟ ಬಿಡೋಣ ಎಂಬ ಕರಪತ್ರ ಹಂಚುತ್ತಿದ್ದಾರೆ. ನಗುತ್ತಾ ಒಂದನ್ನು ಅವಳ ಕೈಗೂ ಕೊಟ್ಟರು. ರೊಮೇನಿಯಾವೂ ಒಕ್ಕೂಟದ್ದೇ ದೇಶ; ಅವಳು ವೀಸಾ ಇಲ್ಲದೆ ಈ ದೇಶದಲ್ಲಿ ದುಡಿದು ಬದುಕುತ್ತಿರುವುದೇ ಆ ಒಕ್ಕೂಟ ಕೊಟ್ಟ ಹಕ್ಕಿನಿಂದ. ಅವಳು ನಿಂತಲ್ಲೇ ಪೂರ್ತಿ ಓದಿ, ಮಡಚಿ ತರಕಾರಿ ಚೀಲಕ್ಕೆ ಹಾಕಿಕೊಂಡಳು. ನನಗೆ ಮೈಯೆಲ್ಲ ಉರಿದುಹೋಯಿತು. ಇನ್ನು ನಮ್ಮ ಮನೆ ಮೆಟ್ಟಿಲು ಹತ್ತಬೇಡಿ ಎಂದು ಅಲ್ಲೇ ಹೇಳಿಬಿಟ್ಟೆ.

ಆದರೂ ಗೌರಿ ಹಬ್ಬಕ್ಕೆ ಬಂದರು. ಬಾಗಿನ ಹಿಡಿದು ಬಾಗಿಲ ಹೊರಗೆ ನಿಂತರು. ನಿಮ್ಮ ಮಾತು ನಡೆದರೆ ಇವಳು ಗಂಟುಮೂಟೆ ಕಟ್ಟಬೇಕಾಗುತ್ತದೆ, ಆಗ ಇದನ್ನು ಯಾವ ಊರಿಗೆ ತರುತ್ತೀರಿ ಎಂದು ಕೇಳಿದೆ.

"ಇವಳ ವಿಷಯ ಬೇರೆ ಕಣಯ್ಯ. ಇವಳು ನಮ್ಮವಳು," ಎಂದರು.

ಒಳಗಿದ್ದವಳು ಬಂದಳು. ಕಲಿತ ಕನ್ನಡದಲ್ಲಿ ನಿಧಾನವಾಗಿ, "ಬೇರೆ ಅಲ್ಲ ಅಪ್ಪಾಜಿ. ನೀವು ಹೋಗು ಅಂತಿರೋದು ನನಗೇ," ಎಂದಳು. ಸೆರಗೊಡ್ಡಿ ಬಾಗಿನ ತೆಗೆದುಕೊಂಡಳು, ಕಾಲಿಗೆ ನಮಸ್ಕರಿಸಿದಳು. ಒಳಗೆ ಕರೆಯಲಿಲ್ಲ.

ಮುಂದಿನ ಶನಿವಾರ ಮತ್ತೆ ಅದೇ ಕೊಡೆಯ ಕೆಳಗೆ ನಿಂತಿದ್ದರಂತೆ. ಅಂಥ ಹಟಮಾರಿ. ಚಳಿಗಾಲ ಮುಗಿಯುವ ಹೊತ್ತಿಗೆ ಹೃದಯಾಘಾತವಾಗಿ ಹೋದರು.

ಚಿತಾಗಾರಕ್ಕೆ ಪಕ್ಷದ ಗೆಳೆಯನೊಬ್ಬ ಬಂದಿದ್ದ. ಮುಂದಿನ ಸಾಲಿನಲ್ಲಿ ಕೂತಿದ್ದ ನನ್ನ ಹೆಂಡತಿಯನ್ನು ಯಾರೆಂದು ಕೇಳಿದ. ಮಗಳು ಎಂದಳು. ಅವನು ಅವಳ ಕೈ ಹಿಡಿದು, ಬಿಳಿ ಮುಖವನ್ನೇ ದಿಟ್ಟಿಸಿ, ನಿಮ್ಮ ಬಗ್ಗೆ ಎಷ್ಟೊಂದು ಹೇಳುತ್ತಿದ್ದರು, ಆದರೆ ಮಗಳು ಮೈಸೂರಿನವಳು ಎಂದಿದ್ದರಲ್ಲ ಎಂದ. ಅಲ್ಲಿಯವರೆಗೆ ಅಳದಿದ್ದವಳು ಆಗ ಅತ್ತಳು.

ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದು ಎನ್ನುತ್ತಾರೆ. ನಾನು ಇಟ್ಟುಕೊಂಡಿದ್ದೇನೆ. ಯಾರೂ ಏಳದಿದ್ದಾಗ ಎದ್ದು ಬಂದವರು ಅವರೊಬ್ಬರೇ, ಆ ಋಣ ನನ್ನ ತಲೆಯ ಮೇಲಿದೆ, ತೀರುವುದೂ ಇಲ್ಲ. ಆದರೆ ಮಗಳ ಊರಿನ ಹೆಸರು ಹೇಳಲು ಹೆದರಿದ ಅಪ್ಪನನ್ನು ಅವಳು ಕ್ಷಮಿಸಿರಬಹುದು, ನಾನು ಕ್ಷಮಿಸಿಲ್ಲ.